ಕವಾಟದ ರೋಗಿಗಳ ‘ರಕ್ತ ತೆಳು’ ಮಾತ್ರೆ: ಮನೆಮದ್ದು ಬೆರೆಸುವ ಮುನ್ನ

ಹೃದಯದ ಕವಾಟ ಬದಲಿಸಿಕೊಂಡು ಮನೆಗೆ ಬಂದವರಿಗೆ ಆಸ್ಪತ್ರೆಯವರು ಹಲವು ಮಾತ್ರೆಗಳನ್ನು ಬರೆದು ಕೊಟ್ಟಿರುತ್ತಾರೆ. ಅವುಗಳಲ್ಲಿ ಗಾತ್ರದಲ್ಲಿ ಚಿಕ್ಕದಾದ, ಬೆಲೆಯಲ್ಲೂ ದುಬಾರಿಯಲ್ಲದ ಒಂದು ಮಾತ್ರೆ ಇರುತ್ತದೆ. ಜನ ಅದನ್ನು ‘ರಕ್ತ ತೆಳು ಮಾಡುವ ಮಾತ್ರೆ’ ಎನ್ನುತ್ತಾರೆ. ಹೊಸ ಕವಾಟ ಎಷ್ಟು ಮುಖ್ಯವೋ ಈ ಮಾತ್ರೆಯೂ ಅಷ್ಟೇ ಮುಖ್ಯ. ಆದರೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಅಸಡ್ಡೆಗೆ ಒಳಗಾಗುವುದೂ ಇದೇ ಮಾತ್ರೆ. ‘ಈಗ ಆರಾಮಾಗಿದೆ’ ಎಂದು ಕೆಲವರು ನಿಲ್ಲಿಸುತ್ತಾರೆ. ಇನ್ನು ಕೆಲವರು ಅದನ್ನು ನುಂಗುತ್ತಲೇ ಬೆಳ್ಳುಳ್ಳಿ, ಕಲೌಂಜಿ ಎಣ್ಣೆ, ಕಷಾಯ, ಹಿಜಾಮಾ ಎಲ್ಲವನ್ನೂ ಜೊತೆಗೆ ಸೇರಿಸುತ್ತಾರೆ. ಎರಡೂ ಅಪಾಯವೇ.

ಯುನಾನಿ ವೈದ್ಯನಾಗಿ ನಾನು ಇದನ್ನು ಬರೆಯಲು ಕಾರಣವಿದೆ. ಈ ರೋಗಿಗಳು ನಮ್ಮಂಥವರ ದವಾಖಾನೆಗೂ ಬರುತ್ತಾರೆ. ‘ಆಸ್ಪತ್ರೆಯ ಮಾತ್ರೆ ಬಿಡಿಸಿ, ಗಿಡಮೂಲಿಕೆ ಕೊಡಿ’ ಎಂದು ಕೇಳುತ್ತಾರೆ. ಅವರಿಗೆ ನಾನು ಕೊಡುವ ಉತ್ತರವನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ.

ಕವಾಟ ಕೆಡುವುದು ಹೇಗೆ?

ನಮ್ಮ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಒಂದೇ ಕಡೆಗೆ ತೆರೆಯುವ ಬಾಗಿಲಿನಂತೆ ಇವು ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬಾರದಂತೆ ತಡೆಯುತ್ತವೆ. ಎಡಭಾಗದ ಮೈಟ್ರಲ್ ಮತ್ತು ಅಯೋರ್ಟಿಕ್ ಕವಾಟಗಳ ಮೇಲೆ ಒತ್ತಡ ಹೆಚ್ಚು. ಆದ್ದರಿಂದ ಹೆಚ್ಚಾಗಿ ಕೆಡುವುದೂ ಅವೇ.

ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನವರ ಕವಾಟ ಕೆಡಲು ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಸುಮಾರು 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಗಂಟಲುನೋವು ಬರುತ್ತದೆ. ಸರಿಯಾದ ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ವಾರಗಳ ನಂತರ ಕೆಲವು ಮಕ್ಕಳಲ್ಲಿ ಜ್ವರ ಬಂದು, ಒಂದರ ನಂತರ ಒಂದು ಕೀಲು ಊದಿಕೊಳ್ಳುತ್ತದೆ. ಕೀಲುನೋವು ಹೋಗುತ್ತದೆ, ಆದರೆ ಕವಾಟದ ಮೇಲಾದ ಗಾಯ ಉಳಿಯುತ್ತದೆ. ವರ್ಷಗಳು ಕಳೆದಂತೆ ಕವಾಟ ದಪ್ಪವಾಗಿ, ಅಂಟಿಕೊಂಡು, ದಾರಿ ಕಿರಿದಾಗುತ್ತದೆ. ಬಹಳಷ್ಟು ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದು ಗರ್ಭಿಣಿಯಾದಾಗ ಏದುಸಿರು ಬಂದ ಮೇಲೆಯೇ.

ಹೀಗೆ ಅಂಟಿಕೊಂಡ ಕವಾಟವನ್ನು ಯಾವ ಖಮೀರಾ, ಯಾವ ಜವಾರಿಶ್ ಕೂಡ ಬಿಡಿಸಲಾರದು. ಖಮೀರಾ ಗಾವ್ ಝಬಾನ್, ಖಮೀರಾ ಅಬ್ರೇಶಮ್, ದವಾವುಲ್ ಮಿಸ್ಕ್ ಮುಂತಾದವನ್ನು ನಮ್ಮ ಪದ್ಧತಿಯಲ್ಲಿ ಹೃದಯಕ್ಕೆ ಬಲ ಕೊಡುವ ಔಷಧಗಳೆಂದು ಬಳಸುತ್ತೇವೆ. ಆದರೆ ತುಕ್ಕು ಹಿಡಿದ ಬಾಗಿಲನ್ನು ಸರಿಪಡಿಸುವ ಕೆಲಸ ಬೇರೆ. ಅದಕ್ಕೆ ಬಲೂನು ಚಿಕಿತ್ಸೆಯೋ ಶಸ್ತ್ರಚಿಕಿತ್ಸೆಯೋ ಬೇಕು.

ರಕ್ತ ಹೆಪ್ಪುಗಟ್ಟುವ ಭಯ ಯಾಕೆ?

ಬದಲಿ ಕವಾಟಗಳಲ್ಲಿ ಎರಡು ಬಗೆ. ಒಂದು, ಲೋಹ ಮತ್ತು ಇಂಗಾಲದ ವಿಶೇಷ ವಸ್ತುವಿನಿಂದ ಮಾಡಿದ ಯಾಂತ್ರಿಕ ಕವಾಟ. ಇನ್ನೊಂದು, ಪ್ರಾಣಿಯ ಅಂಗಾಂಶದಿಂದ ಮಾಡಿದ್ದು. ಯಾಂತ್ರಿಕ ಕವಾಟ ಹಲವು ದಶಕ ಬಾಳುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡ ಚಿತ್ರಾ ಕವಾಟ ಈ ಬಗೆಯದು. 1990ರಲ್ಲಿ ಅದನ್ನು ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ವಿದೇಶಿ ಕವಾಟದ ಬೆಲೆ ಕೊಡಲಾಗದ ಸಾವಿರಾರು ಬಡವರಿಗೆ ಅದು ಆಸರೆಯಾಯಿತು.

ಆದರೆ ರಕ್ತಕ್ಕೆ ಯಾಂತ್ರಿಕ ಕವಾಟ ಪರಕೀಯ ವಸ್ತು. ಅದರ ಮೇಲೆ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಹೆಪ್ಪು ದೊಡ್ಡದಾದರೆ ಕವಾಟವೇ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಸಣ್ಣ ಚೂರು ಕಿತ್ತು ಮಿದುಳಿಗೆ ಹೋದರೆ ಪಾರ್ಶ್ವವಾಯು. ಆದ್ದರಿಂದ ಯಾಂತ್ರಿಕ ಕವಾಟ ಇರುವವರಿಗೆ ಈ ಮಾತ್ರೆ ಜೀವನಪರ್ಯಂತ ಬೇಕು.

ಅಂಗಾಂಶದ ಕವಾಟಕ್ಕೆ ಸಾಮಾನ್ಯವಾಗಿ ಮೊದಲ 3ರಿಂದ 6 ತಿಂಗಳು ಇದನ್ನು ಕೊಡುತ್ತಾರೆ. ಆದರೆ ಆ ಕವಾಟ ಸುಮಾರು 10-15 ವರ್ಷಗಳಲ್ಲಿ ಸವೆಯುತ್ತದೆ, ಎಳೆಯರಲ್ಲಿ ಇನ್ನೂ ಬೇಗ.

ಶಸ್ತ್ರಚಿಕಿತ್ಸೆಯೇ ಆಗದವರಿಗೂ ಈ ಮಾತ್ರೆ ಬೇಕಾಗುವುದುಂಟು. ಮೈಟ್ರಲ್ ಕವಾಟ ಕಿರಿದಾದಾಗ ಹೃದಯದ ಎಡ ಮೇಲ್ಕೋಣೆ ಹಿಗ್ಗುತ್ತದೆ, ಬಡಿತ ತಾಳ ತಪ್ಪುತ್ತದೆ. ಕೋಣೆ ಸರಿಯಾಗಿ ಸಂಕುಚಿಸದೆ ಅದುರತೊಡಗಿದಾಗ ಒಳಗೆ ರಕ್ತ ನಿಂತು ಹೆಪ್ಪಾಗುತ್ತದೆ. ‘ನನಗೆ ಆಪರೇಷನ್ನೇ ಆಗಿಲ್ಲ, ಈ ಮಾತ್ರೆ ಯಾಕೆ?’ ಎಂದು ಕೇಳುವವರಿಗೆ ಉತ್ತರ ಇದು.

ದನದ ಮೇವಿನಿಂದ ಬಂದ ಔಷಧ

ಈ ಮಾತ್ರೆಯ ಹೆಸರು ವಾರ್ಫರಿನ್. ನಮ್ಮಲ್ಲಿ ಅದೇ ಜಾತಿಯ ಅಸಿನೋಕೌಮರಾಲ್ ಕೂಡ ಬಳಕೆಯಲ್ಲಿದೆ. ಅಸಿಟ್ರೋಮ್ ಎಂಬ ಹೆಸರಿನಲ್ಲಿ ಹೆಚ್ಚಿನವರಿಗೆ ಪರಿಚಿತ. ಇದರ ಮೂಲದ ಕಥೆ ಗಿಡಮೂಲಿಕೆಯನ್ನು ನಂಬುವವರೆಲ್ಲರೂ ತಿಳಿಯಬೇಕಾದದ್ದು.

1920ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದ ಬಯಲುಸೀಮೆಯ ದನಗಳು ರಕ್ತಸ್ರಾವದಿಂದ ಸಾಯತೊಡಗಿದವು. ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ತಿಂದ ದನಗಳಿಗೆ ಈ ಗತಿ. 1933ರಲ್ಲಿ ಒಬ್ಬ ರೈತ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿ, ಸತ್ತ ಕರುವಿನೊಂದಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ತಂದ. ಅಲ್ಲಿನ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಮತ್ತವರ ತಂಡ ವರ್ಷಗಟ್ಟಲೆ ದುಡಿದು ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿತು. ಅದರ ಸಂತತಿಯೇ ವಾರ್ಫರಿನ್. 1948ರಲ್ಲಿ ಅದು ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರ ಔಷಧವಾಗಿ ಅಂಗೀಕೃತವಾಯಿತು.

‘ಗಿಡದ್ದಲ್ಲವೇ, ಏನೂ ಆಗುವುದಿಲ್ಲ’ ಎಂಬ ಮಾತಿಗೆ ಈ ಕಥೆಯೇ ಉತ್ತರ. ಒಣಹುಲ್ಲು ಒಂದು ಹಸುವನ್ನು ಕೊಲ್ಲಬಲ್ಲದು. ಅದೇ ಹುಲ್ಲಿನ ಸತ್ವ ಅಳತೆಯಲ್ಲಿದ್ದರೆ ಮನುಷ್ಯನ ಜೀವ ಉಳಿಸಬಲ್ಲದು. ವ್ಯತ್ಯಾಸ ಇರುವುದು ಅಳತೆಯಲ್ಲಿ.

ಅಳತೆ: ಐಎನ್‌ಆರ್ ಪರೀಕ್ಷೆ

ನಿಜ ಹೇಳಬೇಕೆಂದರೆ ಈ ಮಾತ್ರೆ ರಕ್ತವನ್ನು ನೀರಿನಂತೆ ತೆಳುವಾಗಿಸುವುದಿಲ್ಲ. ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಮಾತ್ರೆ ಆ ವಿಟಮಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಆದ್ದರಿಂದ ರಕ್ತ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಬೇಕಾಗುತ್ತದೆ. ಎಷ್ಟು ಹೆಚ್ಚು ಎಂಬುದನ್ನು ಐಎನ್‌ಆರ್ ಎಂಬ ರಕ್ತಪರೀಕ್ಷೆ ತಿಳಿಸುತ್ತದೆ.

ಈ ಮಾತ್ರೆ ಸೇವಿಸದ ಆರೋಗ್ಯವಂತರ ಐಎನ್‌ಆರ್ ಸುಮಾರು 1. ತಾಳ ತಪ್ಪಿದ ಹೃದಯ ಮತ್ತು ಕಿರಿದಾದ ಮೈಟ್ರಲ್ ಕವಾಟ ಇರುವವರಿಗೆ ಸಾಮಾನ್ಯವಾಗಿ 2ರಿಂದ 3ರೊಳಗೆ ಇಡುತ್ತಾರೆ. ಅಯೋರ್ಟಿಕ್ ಜಾಗದ ಯಾಂತ್ರಿಕ ಕವಾಟಕ್ಕೂ, ಬೇರೆ ತೊಂದರೆ ಇಲ್ಲದಿದ್ದರೆ, ಹೆಚ್ಚಾಗಿ ಇದೇ ಗುರಿ. ಮೈಟ್ರಲ್ ಜಾಗದಲ್ಲಿದ್ದರೆ 2.5ರಿಂದ 3.5. ನಿಮ್ಮ ಗುರಿ ಎಷ್ಟು ಎಂದು ನಿಮ್ಮ ಹೃದ್ರೋಗ ತಜ್ಞರನ್ನೇ ಕೇಳಿ, ಪುಸ್ತಕದಲ್ಲಿ ಬರೆದಿಡಿ. ಗುರಿಗಿಂತ ಕಡಿಮೆಯಾದರೆ ಹೆಪ್ಪಿನ ಭಯ, ಮೀರಿದರೆ ರಕ್ತಸ್ರಾವದ ಭಯ.

ಆರಂಭದಲ್ಲಿ ಪರೀಕ್ಷೆ ಪದೇ ಪದೇ ಬೇಕು. ಸ್ಥಿರವಾದ ಮೇಲೆ ಸಾಮಾನ್ಯವಾಗಿ ನಾಲ್ಕು ವಾರಗಳಿಗೊಮ್ಮೆ. ಆದಷ್ಟು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿ. ಪಕ್ಕದ ಮನೆಯವರಿಗೆ 2 ಮಿಲಿಗ್ರಾಂ ಸಾಕಾದರೆ ನಿಮಗೆ 5 ಬೇಕಾಗಬಹುದು. ಹೋಲಿಕೆ ಬೇಡ.

ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ, ಸಂಜೆ ಅಥವಾ ರಾತ್ರಿ ಸೇವಿಸುವುದು ಒಳ್ಳೆಯದು. ಬೆಳಗ್ಗೆ ಮಾಡಿಸಿದ ಪರೀಕ್ಷೆಯ ಫಲಿತಾಂಶ ನೋಡಿ ಅಂದಿನ ಪ್ರಮಾಣವನ್ನು ವೈದ್ಯರು ಬದಲಿಸಬಹುದು. ಮರೆತರೆ ಅದೇ ದಿನ ನೆನಪಾದಾಗ ಸೇವಿಸಿ. ಮರುದಿನ ನೆನಪಾದರೆ ಎರಡು ಒಟ್ಟಿಗೆ ನುಂಗಬೇಡಿ. 1, 2, 3, 4 ಮಿಲಿಗ್ರಾಂ ಮಾತ್ರೆಗಳು ಬೇರೆ ಬೇರೆ ಸಿಗುವುದರಿಂದ ಅಂಗಡಿಯಲ್ಲಿ ಪಡೆಯುವಾಗ ಪಟ್ಟಿಯ ಮೇಲಿನ ಸಂಖ್ಯೆ ಓದಿ ನೋಡಿ.

‘ಪರೀಕ್ಷೆಯೇ ಬೇಡದ ಹೊಸ ಮಾತ್ರೆಗಳು ಬಂದಿವೆಯಂತೆ’ ಎಂದು ಕೇಳುವವರಿದ್ದಾರೆ. ಬಂದಿರುವುದು ನಿಜ. ಆದರೆ ಯಾಂತ್ರಿಕ ಕವಾಟದವರಿಗೆ ಅವು ಸಲ್ಲ. ಡಾಬಿಗಾಟ್ರಾನ್ ಎಂಬ ಔಷಧವನ್ನು ಅಂಥ ರೋಗಿಗಳ ಮೇಲೆ ಪರೀಕ್ಷಿಸಿದಾಗ ಹೆಪ್ಪು ಮತ್ತು ರಕ್ತಸ್ರಾವ ಎರಡೂ ಹೆಚ್ಚಾಗಿ, ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ರುಮ್ಯಾಟಿಕ್ ಕವಾಟ ರೋಗದೊಂದಿಗೆ ಹೃದಯದ ತಾಳ ತಪ್ಪಿದವರಲ್ಲೂ ಹಳೆಯ ಮಾತ್ರೆಯೇ ರಿವರಾಕ್ಸಬಾನ್‌ಗಿಂತ ಮೇಲು ಎಂದು 2022ರ ಅಧ್ಯಯನ ತೋರಿಸಿತು. ಆಸ್ಪಿರಿನ್ ಕೂಡ ಇದಕ್ಕೆ ಬದಲಿಯಲ್ಲ.

ಮನೆಮದ್ದು, ಯುನಾನಿ ಮದ್ದು, ಹಿಜಾಮಾ

ಒಮ್ಮೆ ಮಧ್ಯವಯಸ್ಸಿನ ಮಹಿಳೆಯೊಬ್ಬರು ‘ರಕ್ತ ಕೆಟ್ಟಿದೆ, ಮುಸಫ್ಫಿ ಸಿರಪ್ ಕೊಡಿ’ ಎಂದು ನಮ್ಮ ದವಾಖಾನೆಗೆ ಬಂದರು. ತೋಳು ತೊಡೆಗಳ ಮೇಲೆಲ್ಲ ನೀಲಿ ಕಲೆಗಳು. ವಿಚಾರಿಸಿದಾಗ ಮೈಟ್ರಲ್ ಕವಾಟ ಬದಲಿಸಿದ್ದು ತಿಳಿಯಿತು. ಮಾತ್ರೆಯನ್ನು ತಪ್ಪದೆ ಸೇವಿಸುತ್ತಿದ್ದರು. ಆದರೆ ಎರಡು ತಿಂಗಳಿಂದ ಕೊಲೆಸ್ಟ್ರಾಲ್‌ಗೆಂದು ಬೆಳ್ಳುಳ್ಳಿ, ಶುಂಠಿ, ಜೇನು ಬೆರೆಸಿದ ಪಾಕ, ಅದರ ಮೇಲೆ ಕಲೌಂಜಿ ಎಣ್ಣೆ. ಮಂಡಿನೋವಿಗೆ ಅಂಗಡಿಯಿಂದ ತಂದ ಮಾತ್ರೆ. ಐಎನ್‌ಆರ್ ಮಾಡಿಸಿ ನಾಲ್ಕು ತಿಂಗಳಾಗಿತ್ತು. ಸಿರಪ್ ಕೊಡದೆ ಅಂದೇ ಪರೀಕ್ಷೆಗೆ ಕಳುಹಿಸಿದೆ. 7 ದಾಟಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಸರಿಪಡಿಸಿ ಕಳುಹಿಸಿದರು. ಕೆಟ್ಟಿದ್ದು ರಕ್ತವಲ್ಲ, ಅಳತೆ.

ಅಡುಗೆಯಲ್ಲಿ ಬಳಸುವಷ್ಟು ಬೆಳ್ಳುಳ್ಳಿ, ಶುಂಠಿ, ಅರಿಶಿನ, ಮೆಂತ್ಯದಿಂದ ತೊಂದರೆಯಿಲ್ಲ. ಅವನ್ನೇ ಔಷಧದ ಪ್ರಮಾಣದಲ್ಲಿ, ಅಂದರೆ ಪುಡಿ, ಪಾಕ, ಎಣ್ಣೆ, ಕ್ಯಾಪ್ಸೂಲ್ ರೂಪದಲ್ಲಿ ದಿನವೂ ಸೇವಿಸಿದಾಗ ರಕ್ತಸ್ರಾವದ ಸಾಧ್ಯತೆ ಹೆಚ್ಚಬಹುದು. ಗಿಂಕೋ ಕ್ಯಾಪ್ಸೂಲ್ ಕೂಡ ಈ ಪಟ್ಟಿಯಲ್ಲಿದೆ. ಕಲೌಂಜಿ ರಕ್ತ ಹೆಪ್ಪುಗಟ್ಟುವಿಕೆಯ ಮೇಲೆ ಪರಿಣಾಮ ಬೀರಬಲ್ಲದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸಿವೆ. ಕಲೌಂಜಿಯ ಬಗ್ಗೆ ಹದೀಸ್‌ಗಳಲ್ಲಿ ಬಂದಿರುವ ಮಾತಿನ ಮೇಲೆ ನಮಗೆಲ್ಲ ಗೌರವವಿದೆ. ಆದರೆ ಯಾರಿಗೆ, ಎಷ್ಟು, ಯಾವ ಔಷಧದ ಜೊತೆ ಎಂಬುದನ್ನು ತಿಳಿದೇ ಚಿಕಿತ್ಸೆ ಮಾಡಬೇಕು. ವೈದ್ಯ ಅರಿಯದೆ ಚಿಕಿತ್ಸೆ ಮಾಡಿದವನು ಹಾನಿಗೆ ಹೊಣೆ ಎಂದು ಹೇಳಿದ್ದೂ ಹದೀಸೇ. ಔಷಧವನ್ನು ಪರೀಕ್ಷಿಸಿಯೇ ನಂಬಬೇಕೆಂದು ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ನಿಯಮಗಳನ್ನೇ ಹಾಕಿಕೊಟ್ಟಿದ್ದಾರೆ.

ಮೂಲಿಕೆಯ ಸಮಸ್ಯೆ ಇನ್ನೊಂದು. ಒಂದು ಪೊಟ್ಟಣದಲ್ಲಿದ್ದ ಸತ್ವದ ಪ್ರಮಾಣ ಮುಂದಿನ ಪೊಟ್ಟಣದಲ್ಲಿ ಇರಬೇಕೆಂದಿಲ್ಲ. ಐಎನ್‌ಆರ್ ಇಂದು ಏರಿ, ನಾಳೆ ಇಳಿಯುತ್ತದೆ. ಆದ್ದರಿಂದ ಈ ರೋಗಿಗಳಿಗೆ ನನ್ನ ಸಲಹೆ ಇಷ್ಟು: ಹೃದ್ರೋಗ ತಜ್ಞರಿಗೆ ತಿಳಿಸದೆ ಯಾವ ಯುನಾನಿ, ಆಯುರ್ವೇದ, ಮನೆಮದ್ದನ್ನೂ ಆರಂಭಿಸಬೇಡಿ. ಈಗಾಗಲೇ ಸೇವಿಸುತ್ತಿದ್ದರೆ ಅದನ್ನೂ ಅವರಿಗೆ ಹೇಳಿ. ನಿಲ್ಲಿಸಿದರೂ ಐಎನ್‌ಆರ್ ಬದಲಾಗಬಹುದು. ಹಾಗಾಗಿ ಆರಂಭಿಸಿದಾಗಲೂ ನಿಲ್ಲಿಸಿದಾಗಲೂ ಒಂದು ವಾರದೊಳಗೆ ಪರೀಕ್ಷೆ ಮಾಡಿಸಿ.

ಹಿಜಾಮಾ, ಫಸ್ದ್, ಜಿಗಣೆ ಚಿಕಿತ್ಸೆ ಈ ಮಾತ್ರೆ ಸೇವಿಸುವವರಿಗೆ ಬೇಡ. ಚರ್ಮ ಗೀರಿ ರಕ್ತ ತೆಗೆದರೆ ನಿಲ್ಲುವುದು ಕಷ್ಟ. ಜಿಗಣೆಯ ಜೊಲ್ಲಿನಲ್ಲೇ ಹಿರುಡಿನ್ ಎಂಬ ಹೆಪ್ಪುತಡೆ ವಸ್ತುವಿದೆ. ಕೃತಕ ಕವಾಟದವರಿಗೆ ಗಾಯದಿಂದ ಸೋಂಕು ರಕ್ತಕ್ಕೆ ಸೇರುವ ಅಪಾಯವೂ ಇದೆ. ಗೀರದೆ ಮಾಡುವ ಒಣ ಹಿಜಾಮಾ ಕೂಡ ಚರ್ಮದಡಿ ರಕ್ತ ಕಟ್ಟಿಸಬಹುದು. ‘ಹಿಜಾಮಾಕ್ಕಾಗಿ ಮೂರು ದಿನ ಮಾತ್ರೆ ನಿಲ್ಲಿಸಿ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಆಹಾರ ಮತ್ತು ಇತರ ಮಾತ್ರೆಗಳು

ಸೊಪ್ಪಿನಲ್ಲಿ ವಿಟಮಿನ್ ಕೆ ಹೆಚ್ಚು. ಪಾಲಕ್, ಮೆಂತ್ಯ ಸೊಪ್ಪು, ನುಗ್ಗೆ ಸೊಪ್ಪು, ಹರಿವೆ, ಕೊತ್ತಂಬರಿ ಎಲ್ಲದರಲ್ಲೂ ಇದೆ. ಹಾಗೆಂದು ಸೊಪ್ಪು ಬಿಡಬೇಕಾಗಿಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ. ಒಂದು ವಾರ ದಿನವೂ ಸೊಪ್ಪಿನ ಸಾರು, ಮರುವಾರ ಬರೀ ಬಿರಿಯಾನಿ ಎಂದಾದರೆ ಐಎನ್‌ಆರ್ ಏರುಪೇರಾಗುತ್ತದೆ. ವಾಂತಿ, ಭೇದಿ, ಜ್ವರದಿಂದ ಊಟ ಬಿಟ್ಟಾಗಲೂ ಹಾಗೆಯೇ.

ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ರಕ್ತಸ್ರಾವ ಉಂಟುಮಾಡಬಹುದು. ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಫ್ಲೂಕೊನಜೋಲ್ ಐಎನ್‌ಆರ್ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಯಾವ ವೈದ್ಯರ ಬಳಿ ಹೋದರೂ ಮೊದಲ ಮಾತು ‘ನಾನು ಈ ಮಾತ್ರೆ ಸೇವಿಸುತ್ತೇನೆ’ ಎಂದಾಗಿರಲಿ.

ಹಲ್ಲಿನ ಸ್ವಚ್ಛತೆ ಈ ರೋಗಿಗಳಿಗೆ ಬಹಳ ಮುಖ್ಯ. ಬಾಯಿಯ ರೋಗಾಣು ರಕ್ತಕ್ಕೆ ಸೇರಿ ಕೃತಕ ಕವಾಟದ ಮೇಲೆ ನೆಲೆಯೂರಬಲ್ಲದು. ಮೃದು ಬ್ರಷ್ ಬಳಸಿ. ಮಿಸ್ವಾಕ್ ಬಳಸುವವರು ತುದಿಯನ್ನು ನೆನೆಸಿ ಮೆತ್ತಗೆ ಮಾಡಿ, ಒಸಡಿಗೆ ತಾಗದಂತೆ ಉಜ್ಜಿ. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಕವಾಟದ ವಿಷಯ ಹೇಳಿ, ಮುಂಚಿತವಾಗಿ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ತಾವಾಗಿ ರಕ್ತದ ಮಾತ್ರೆ ನಿಲ್ಲಿಸಬಾರದು. ಕವಾಟದ ತೊಂದರೆಯಿಂದ ಮಾತ್ರೆ ಸೇವಿಸುವ ಬಾಲಕನ ಖತ್ನಾ ಮಾಡಿಸುವುದಿದ್ದರೆ ಅದು ಆಸ್ಪತ್ರೆಯಲ್ಲಿ, ಹೃದ್ರೋಗ ತಜ್ಞರ ಒಪ್ಪಿಗೆಯೊಂದಿಗೇ ಆಗಲಿ.

ರಮಝಾನ್ ಮತ್ತು ಹಜ್

ದಿನಕ್ಕೊಮ್ಮೆ ಸೇವಿಸುವ ಮಾತ್ರೆಯಾದ್ದರಿಂದ ರಮಝಾನ್‌ನಲ್ಲಿ ಇಫ್ತಾರ್ ನಂತರ ಅಥವಾ ತರಾವೀಹ್ ಮುಗಿಸಿ ಬಂದು ಸೇವಿಸಬಹುದು. ಆದರೆ ಊಟದ ಕ್ರಮ, ನೀರಿನ ಪ್ರಮಾಣ ಬದಲಾಗುವುದರಿಂದ ಐಎನ್‌ಆರ್ ಏರಿಳಿಯಬಹುದು. ರಮಝಾನ್‌ಗೆ ಮುನ್ನ ಒಮ್ಮೆ, ಎರಡನೇ ವಾರದಲ್ಲಿ ಒಮ್ಮೆ, ಈದ್ ನಂತರ ಒಮ್ಮೆ ಪರೀಕ್ಷೆ ಮಾಡಿಸಿ. ಪರೀಕ್ಷೆಗೆ ಸ್ವಲ್ಪ ರಕ್ತ ಕೊಟ್ಟರೆ ಉಪವಾಸ ಮುರಿಯುವುದಿಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಕಾಲು ಊತ, ಏದುಸಿರಿಗಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ರೋಗಿಗಳಿಗೆ ಅಲ್ಲಾಹನೇ ಕುರ್‌ಆನ್‌ನಲ್ಲಿ ರಿಯಾಯಿತಿ ನೀಡಿರುವಾಗ ನಾವು ಅದನ್ನು ನಿರಾಕರಿಸುವುದೇಕೆ?

ಹಜ್, ಉಮ್ರಾಕ್ಕೆ ಹೊರಡುವವರು ಪೂರ್ತಿ ಪ್ರಯಾಣಕ್ಕೆ ಸಾಲುವ ಮಾತ್ರೆ ಮತ್ತು ಚೀಟಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ತಲೆಕೂದಲು ತೆಗೆಸುವಾಗ ಬ್ಲೇಡಿನ ಬದಲು ಯಂತ್ರದಿಂದ ಕತ್ತರಿಸಿಕೊಳ್ಳುವುದು ಸುರಕ್ಷಿತ. ಲಸಿಕೆ ಹಾಕುವವರಿಗೆ ಮಾತ್ರೆಯ ವಿಷಯ ತಿಳಿಸಿ, ಚುಚ್ಚಿದ ಜಾಗವನ್ನು ಕೆಲ ನಿಮಿಷ ಒತ್ತಿ ಹಿಡಿಯಿರಿ.

ಹೆಣ್ಣುಮಕ್ಕಳ ವಿಷಯ

ಮಗಳಿಗೆ ಕವಾಟದ ತೊಂದರೆ ಇದೆ ಎಂಬುದನ್ನು ಮದುವೆಯ ಮಾತುಕತೆಯಲ್ಲಿ ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟರೆ ಆಕೆ ಮಾತ್ರೆಯನ್ನೂ ಮುಚ್ಚಿಟ್ಟು ಸೇವಿಸಬೇಕಾಗುತ್ತದೆ, ಇಲ್ಲವೇ ನಿಲ್ಲಿಸಿಬಿಡುತ್ತಾಳೆ. ಜೀವಕ್ಕೇ ಸಂಚಕಾರ. ಗಂಡನಿಗೂ ಅತ್ತೆಗೂ ಇದು ತಿಳಿದಿರಬೇಕು.

ಗರ್ಭದ 6ರಿಂದ 12ನೇ ವಾರದ ನಡುವೆ ವಾರ್ಫರಿನ್ ಮಗುವಿನ ಬೆಳವಣಿಗೆಗೆ ಹಾನಿ ಮಾಡಬಲ್ಲದು. ಇನ್ನೊಂದೆಡೆ, ಗರ್ಭಿಣಿಯಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚು. ಮಾತ್ರೆ ನಿಲ್ಲಿಸಿದರೆ ತಾಯಿಗೇ ಅಪಾಯ. ಆದ್ದರಿಂದ ಗರ್ಭ ಧರಿಸುವ ಮುನ್ನವೇ ಹೃದ್ರೋಗ ಮತ್ತು ಪ್ರಸೂತಿ ತಜ್ಞರನ್ನು ಒಟ್ಟಿಗೆ ಕಾಣಬೇಕು. ಮುಟ್ಟು ತಪ್ಪಿದ ಕೂಡಲೇ ತಿಳಿಸಬೇಕು. ಕೆಲವು ಅವಧಿಗೆ ಹೆಪಾರಿನ್ ಚುಚ್ಚುಮದ್ದಿಗೆ ಬದಲಿಸುವ ನಿರ್ಧಾರ ಅವರದು. ಹೆರಿಗೆಯ ನಂತರ ವಾರ್ಫರಿನ್ ಸೇವಿಸುತ್ತಲೇ ಮಗುವಿಗೆ ಹಾಲೂಡಿಸಬಹುದು. ಮುಟ್ಟಿನ ಸ್ರಾವ ಅತಿಯಾದರೆ ಸಂಕೋಚಪಟ್ಟು ಸಹಿಸಿಕೊಳ್ಳದೆ ವೈದ್ಯೆಗೆ ತೋರಿಸಿ.

ಹಂದಿ ಮೂಲದ ಪ್ರಶ್ನೆ

ಹೆಪಾರಿನ್ ಹೆಚ್ಚಾಗಿ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಅಂಗಾಂಶದ ಕವಾಟಗಳಲ್ಲೂ ಹಂದಿಯದ್ದು ಮತ್ತು ದನದ್ದು ಎರಡೂ ಇವೆ. ಮಾತ್ರೆಯ ಬಗ್ಗೆ ಈ ಪ್ರಶ್ನೆಯಿಲ್ಲ, ವಾರ್ಫರಿನ್ ರಾಸಾಯನಿಕವಾಗಿ ತಯಾರಾದದ್ದು. ಶಸ್ತ್ರಚಿಕಿತ್ಸೆಗೆ ಮುನ್ನ ಸಮಯವಿದ್ದಾಗ ಸರ್ಜನ್ ಬಳಿ ಮುಕ್ತವಾಗಿ ಕೇಳಿ. ಯಾಂತ್ರಿಕ ಕವಾಟ ಅಥವಾ ದನದ ಹೃದಯದ ಹೊರಪೊರೆಯಿಂದ ಮಾಡಿದ ಕವಾಟ ಸಿಗುತ್ತದೆ. ಆದರೆ ತುರ್ತು ಹೊತ್ತಿನಲ್ಲಿ, ಬದಲಿ ಔಷಧ ಇಲ್ಲದಿದ್ದಾಗ ಹೆಪಾರಿನ್ ನಿರಾಕರಿಸಬೇಡಿ. ಬೇರೆ ದಾರಿಯಿಲ್ಲದ ಅನಿವಾರ್ಯತೆಯಲ್ಲಿ ಜೀವ ಉಳಿಸಲು ಅನುಮತಿಯಿದೆ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಸಂದೇಹವಿದ್ದರೆ ಮೊದಲೇ ಆಲಿಮರನ್ನು ಕೇಳಿ ತಿಳಿದಿರಿ. ಐಸಿಯು ಬಾಗಿಲಲ್ಲಿ ಚರ್ಚೆಗೆ ಸಮಯವಿರುವುದಿಲ್ಲ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಬಲ ಕಳೆದುಕೊಳ್ಳುವುದು, ಸ್ವಲ್ಪ ಹೊತ್ತಿನಲ್ಲಿ ಸರಿಹೋದರೂ ಸಹ.

• ಹಠಾತ್ ಏದುಸಿರು, ಅಥವಾ ದಿನವೂ ಕೇಳುತ್ತಿದ್ದ ಕವಾಟದ ‘ಟಿಕ್ ಟಿಕ್’ ಸದ್ದು ಮಂದವಾಗುವುದು.

• ಕಪ್ಪು ಮಲ, ಕೆಂಪು ಮೂತ್ರ, ರಕ್ತವಾಂತಿ, ಒತ್ತಿ ಹಿಡಿದರೂ ನಿಲ್ಲದ ಮೂಗಿನ ಅಥವಾ ಒಸಡಿನ ರಕ್ತ.

• ತಲೆಗೆ ಪೆಟ್ಟು. ಹೊರಗೆ ಗಾಯ ಕಾಣದಿದ್ದರೂ, ರೋಗಿ ಚೆನ್ನಾಗಿ ಮಾತಾಡುತ್ತಿದ್ದರೂ.

• ಹಲವು ದಿನ ಬಿಡದ ಚಳಿಜ್ವರ. ಕವಾಟಕ್ಕೆ ಸೋಂಕು ತಗುಲಿರಬಹುದು.

ಮನೆಯವರು ಮಾಡಬೇಕಾದದ್ದು

ಒಂದು ಚಿಕ್ಕ ಪುಸ್ತಕ ಇಡಿ. ಮೊದಲ ಪುಟದಲ್ಲಿ ಕವಾಟದ ಬಗೆ, ಶಸ್ತ್ರಚಿಕಿತ್ಸೆಯ ದಿನ, ಐಎನ್‌ಆರ್ ಗುರಿ, ವೈದ್ಯರ ದೂರವಾಣಿ ಬರೆಯಿರಿ. ಮುಂದಿನ ಪುಟಗಳಲ್ಲಿ ಪರೀಕ್ಷೆಯ ದಿನಾಂಕ, ಫಲಿತಾಂಶ, ಮಾತ್ರೆಯ ಪ್ರಮಾಣ, ಮುಂದಿನ ಪರೀಕ್ಷೆಯ ದಿನ. ರೋಗಿಗೆ ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಈ ಹೊಣೆ ವಹಿಸಿ. ರೋಗಿಯ ಜೇಬಿನಲ್ಲಿ ಅಥವಾ ಪರ್ಸಿನಲ್ಲಿ ‘ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿದ್ದಾರೆ’ ಎಂಬ ಚೀಟಿ ಸದಾ ಇರಲಿ.

ಮನೆಯ ಮಕ್ಕಳ ಗಂಟಲುನೋವನ್ನು, ಅದರ ಬೆನ್ನಿಗೆ ಬರುವ ಕೀಲೂತವನ್ನು ಉದಾಸೀನ ಮಾಡಬೇಡಿ. ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ವೈದ್ಯರು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬರೆದಿದ್ದರೆ ಹೇಳಿದಷ್ಟು ವರ್ಷವೂ ತಪ್ಪಿಸದೆ ಹಾಕಿಸಿ. ಇಂದು ಆ ಸೂಜಿ ತಪ್ಪದಿದ್ದರೆ ನಾಳೆ ಈ ಮಾತ್ರೆಯ ಅಗತ್ಯವೇ ಬಾರದಿರಬಹುದು.

ಈ ಲೇಖನ ಓದಿದವರ ಮನೆಯಲ್ಲಿ ಇಂಥ ರೋಗಿ ಇದ್ದರೆ ಇಂದೇ ಅವರ ಕಡತ ತೆಗೆದು ನೋಡಿ. ಕೊನೆಯ ಐಎನ್‌ಆರ್ ಮಾಡಿಸಿ ಒಂದು ತಿಂಗಳು ದಾಟಿದ್ದರೆ ನಾಳೆ ಬೆಳಗ್ಗೆಯೇ ಮಾಡಿಸಿ.